ಬಿಳಿ ಟುಟುವಿಗೆ ಹಚ್ಚಿದ ಅರಿಶಿನ

ಸಿಡ್ನಿಯ ರೌಸ್ ಹಿಲ್‌ನಲ್ಲಿ ಈಗಿನ ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವ ಅನನ್ಯ ಈ ವರ್ಷ ನಾಟಕ, ನೃತ್ಯಗಳಿಗೆ ಉಡುಪು ತಯಾರಿಸುವ ಕೋರ್ಸಿಗೆ ಸೇರಿದ್ದಾಳೆ. ಅವಳ ಅಪ್ಪ ಅಮ್ಮ ಇಬ್ಬರೂ ಐಟಿಯವರು. ಮಗಳು ಕೀಬೋರ್ಡು ಬಿಟ್ಟು ಸೂಜಿ ಹಿಡಿದದ್ದು ಅವರಿಗಿನ್ನೂ ಪೂರ್ತಿ ಜೀರ್ಣವಾಗಿಲ್ಲ. ಮೊನ್ನೆ ಅವಳಮ್ಮ ರಶ್ಮಿ ಅವಳನ್ನು ಕರೆತಂದು ನನ್ನೆದುರು ಕೂರಿಸಿ, "ಆಂಟಿ, ನೀವು ಅಷ್ಟು ವರ್ಷ ಬ್ಯಾಲೆ ಕಂಪನಿಲಿ ಇದ್ರಲ್ಲಾ, ಈ ಲೈನಲ್ಲಿ ಫ್ಯೂಚರ್ ಏನಾದ್ರೂ ಇದ್ಯಾ ಅಂತ ಇವಳಿಗೆ ಸ್ವಲ್ಪ ಹೇಳಿ" ಎಂದಳು.

"ಅಮ್ಮಾ, ಪ್ಲೀಸ್!" ಎಂದು ಅನನ್ಯ ಹುಬ್ಬು ಗಂಟಿಕ್ಕಿದಳು. ನನ್ನ ಕಡೆ ತಿರುಗಿ, "ಆಂಟಿ, ಜಸ್ಟ್ ಟೆಲ್ ಮಿ, ವಾಟ್ ವಾಸ್ ಇಟ್ ರಿಯಲಿ ಲೈಕ್?" ಎಂದು ಕೇಳಿದಳು.

ನಿಜವಾಗಿ ಹೇಗಿತ್ತು ಎಂದು ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕನ್ನಡದವರ ಸಮಾರಂಭಗಳಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದದ್ದು ಒಂದೇ: "ಆ ಡ್ಯಾನ್ಸರ್ ಹುಡುಗೀರು ಊಟಾನೇ ಮಾಡಲ್ವಂತೆ, ಹೌದಾ?" ಮಾಡುತ್ತಾರೆ. ನನ್ನ ಡಬ್ಬಿಯ ಚಿತ್ರಾನ್ನವನ್ನೂ ಖಾಲಿ ಮಾಡುತ್ತಾರೆ. ಅನನ್ಯಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ರಶ್ಮಿ ಓದಿ ಹೇಳಲಿ, ಇಬ್ಬರ ತಲೆಗೂ ಹೋಗುತ್ತದೆ ಎಂದುಕೊಂಡು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಹೊಲಿಗೆ ಕೋಣೆಗೆ ಮುಖ್ಯಸ್ಥೆಯಾದೆ ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ಓದಿ ಯಾರೂ ಏನೂ ಕಲಿಯುವುದಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನಾವು ಮೈಸೂರಿನಿಂದ ಮೆಲ್ಬರ್ನ್‌ಗೆ ಬಂದೆವು. ಬಾಕ್ಸ್ ಹಿಲ್‌ನಲ್ಲಿ ಒಂದು ರೂಮಿನ ಬಾಡಿಗೆ ಮನೆ. ನನ್ನ ಗಂಡ ಕಂಪ್ಯೂಟರ್ ಎಂಜಿನಿಯರು. ಬಂದ ಒಂದೂವರೆ ವರ್ಷಕ್ಕೆ ಅವರ ಕಂಪನಿ ಜನರನ್ನು ಮನೆಗೆ ಕಳಿಸಿತು, ಇವರೂ ಆ ಪಟ್ಟಿಯಲ್ಲಿದ್ದರು. ನಾನು ಮೈಸೂರಿನಲ್ಲಿ ಭರತನಾಟ್ಯದ ಹುಡುಗಿಯರಿಗೆ ರಂಗಪ್ರವೇಶದ ಉಡುಪು ಹೊಲಿಯುತ್ತಿದ್ದವಳು. ಪೇಪರಿನಲ್ಲಿ ಬ್ಯಾಲೆ ಕಂಪನಿಯೊಂದಕ್ಕೆ ಹೊಲಿಗೆಯವರು ಬೇಕೆಂಬ ಜಾಹೀರಾತು ನೋಡಿ ಇವರೇ, "ಹೋಗಿ ಬಾ, ಹೋದ್ರೆ ಒಂದು ಟ್ರೇನ್ ಟಿಕೆಟ್" ಎಂದು ಕಳಿಸಿದರು.

ಸಂದರ್ಶನ ಮಾಡಿದವರು ಮಾರ್ಗರೆಟ್. ಉಡುಪಿನ ವಿಭಾಗಕ್ಕೆ ಅವರೇ ಯಜಮಾನಿ. ಅರವತ್ತರ ಹತ್ತಿರದ ವಯಸ್ಸು, ಕುತ್ತಿಗೆಯಲ್ಲಿ ಸದಾ ಅಳತೆ ಟೇಪು, ಗೆಣ್ಣು ಊದಿದ ಬೆರಳುಗಳು. ಇಲ್ಲಿಂದ ಮುಂದೆ ಮಾತಾಡುವವರೆಲ್ಲ ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡದ್ದಕ್ಕೋ ಏನೋ, ಈಗ ಅವರೆಲ್ಲ ನನ್ನ ನೆನಪಿನಲ್ಲಿ ಮೈಸೂರು ಕನ್ನಡವನ್ನೇ ಆಡುತ್ತಾರೆ, ಹಾಗೆಯೇ ಬರೆಯುತ್ತೇನೆ. ನಾನು ತೋರಿಸಲೆಂದು ಒಯ್ದಿದ್ದ ರೇಷ್ಮೆಯ ನೃತ್ಯ ಉಡುಪನ್ನು ಮಾರ್ಗರೆಟ್ ಕೈಗೆ ತೆಗೆದುಕೊಂಡು ಜರಿಯನ್ನು ನೋಡಲೇ ಇಲ್ಲ. ಒಳಗು ಹೊರಗು ಮಾಡಿ ಹೊಲಿಗೆ ನೋಡಿದರು.

"ಒಳಗೆ ಇಷ್ಟೊಂದು ಬಟ್ಟೆ ಯಾಕೆ ಬಿಟ್ಟಿದೀಯ?"

"ಹುಡುಗಿ ಬೆಳೀತಾಳೆ ಮೇಡಂ. ನಾಳೆ ಅವಳ ತಂಗಿ ಹಾಕ್ಕೋತಾಳೆ. ಬಿಚ್ಚಿ ದೊಡ್ಡದು ಮಾಡ್ಬೇಕಲ್ಲ."

"ಸೋಮವಾರ ಬಾ," ಎಂದರು ಅವರು. "ಮೇಡಂ ಅನ್ನೋದು ಬಿಟ್ಟುಬಿಡು." ಮೊದಲ ಆರು ತಿಂಗಳು ಪ್ರೊಬೇಷನ್ ಎಂದಾಯಿತು. ಹೋದೆ, ಆದರೆ ಮೇಡಂ ಅನ್ನುವುದನ್ನು ಬಿಡಲು ನನಗೆ ಎರಡು ವರ್ಷ ಹಿಡಿಯಿತು.

ಮೊದಲ ವಾರವೇ ತಿಳಿದದ್ದೇನೆಂದರೆ, ಜಗತ್ತಿನ ಯಾವ ಮೂಲೆಯಾದರೂ ಕುಣಿಯುವವರ ಬಟ್ಟೆಗೆ ಒಂದೇ ಧರ್ಮ. ಪ್ರೇಕ್ಷಕರಿಗೆ ಕಾಣುವುದು ಮಂಜಿನಂಥ ಬಿಳಿ ಟುಟು, ಸೊಂಟದ ಸುತ್ತ ಗರಿಗರಿಯಾಗಿ ಚಾಚುವ ಲಂಗದ ಉಡುಪು. ನಮಗೆ ಕಾಣುವುದು ಹತ್ತು ಹನ್ನೆರಡು ಪದರ ನೆಟ್ ಬಟ್ಟೆ, ಬೆವರು, ತುಂಡಾದ ದಾರ. ಟುಟುವಿನ ಮೇಲ್ಭಾಗವಾದ ಬಾಡಿಸ್ ಎಂದರೆ ನಮ್ಮ ರವಿಕೆಯ ಅಕ್ಕ, ಬೆನ್ನಿಗೆ ಹುಕ್ಕು. ಒಂದೇ ಬಟ್ಟೆಯನ್ನು ಮೂವರು ಹಾಕಿಕೊಳ್ಳಬೇಕಾದ್ದರಿಂದ ಹುಕ್ಕಿನ ಕಾಜಾಗಳನ್ನು ಎರಡು ಮೂರು ಸಾಲು ಹೊಲಿದಿರುತ್ತಾರೆ. ರೇಷ್ಮೆಯ ಬಾಡಿಸನ್ನು ದಿನವೂ ಒಗೆಯಲು ಆಗುವುದಿಲ್ಲ. ವಾಸನೆ ಹೋಗಲಿ ಎಂದು ಕಂಕುಳಿಗೆ ವೋಡ್ಕಾ ಸಿಂಪಡಿಸುತ್ತಾರೆ. ಮಡಿಯ ಮನೆಯಲ್ಲಿ ಬೆಳೆದ ನಾನು ದಿನಕ್ಕೆ ಅರ್ಧ ಬಾಟಲಿ ವೋಡ್ಕಾ ಖರ್ಚು ಮಾಡಿ, ಅದೇ ವಾಸನೆಯಲ್ಲಿ ಟ್ರೇನ್ ಹತ್ತಿ ಮನೆಗೆ ಬರುತ್ತಿದ್ದೆ. ಒಂದು ಸಂಜೆ ಪಕ್ಕದಲ್ಲಿ ಕೂತಿದ್ದ ಮುದುಕಿ ಎದ್ದು ಬೇರೆ ಸೀಟಿಗೆ ಹೋದಳು. ಇವರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲಸ ಹೋದ ಮೇಲೆ ಇವರು ಹಾಗೆ ನಕ್ಕದ್ದು ಅದೇ ಮೊದಲು.

ಆ ದಶಕದ ಫ್ಯಾಷನ್ನಿನ ಬಗ್ಗೆ ಅನನ್ಯ ವಿಶೇಷವಾಗಿ ಕೇಳಿದ್ದಾಳೆ. ಈಗ ಅದೆಲ್ಲ ವಾಪಸು ಬಂದಿದೆಯಂತೆ. ರಂಗದ ಮೇಲೆ ರಾಜಕುಮಾರಿಯರಂತೆ ಇರುತ್ತಿದ್ದ ಈ ಹುಡುಗಿಯರು ಅಭ್ಯಾಸಕ್ಕೆ ಬರುವಾಗ ಮಾತ್ರ ಚಿಂದಿ ಆಯುವವರಂತೆ ಬರುತ್ತಿದ್ದರು. ಕಾಲಿಗೆ ಉಣ್ಣೆಯ ಲೆಗ್ ವಾರ್ಮರ್, ಅದೂ ಒಂದೊಂದು ಕಾಲಿಗೆ ಒಂದೊಂದು ಬಣ್ಣ. ಅದರ ಮೇಲೆ ಮೈ ಬಿಸಿಯಾಗಲೆಂದು ಸದ್ದು ಮಾಡುವ ಪ್ಲಾಸ್ಟಿಕ್ ಪ್ಯಾಂಟು. ಕಾಲಿಗೆ ಅಂಟುವ ಹರಿದ ಟೈಟ್ಸಿನ ನಡುವೆ ಕತ್ತರಿಸಿ ತಲೆ ತೂರಿಸಿ ಅದನ್ನೇ ಮೇಲಂಗಿ ಮಾಡಿಕೊಳ್ಳುತ್ತಿದ್ದರು. ಯಾರ ಬಟ್ಟೆಯಲ್ಲಿ ಹೆಚ್ಚು ತೂತಿದೆಯೋ ಅವರೇ ಹಳಬರು, ಅವರಿಗೇ ಮರ್ಯಾದೆ. ಇದು ಗೊತ್ತಿಲ್ಲದೆ ಒಮ್ಮೆ ಮುಖ್ಯ ನರ್ತಕಿ ಬೆಂಚಿನ ಮೇಲೆ ಬಿಟ್ಟುಹೋಗಿದ್ದ ಸ್ವೆಟರಿನ ತೂತುಗಳನ್ನೆಲ್ಲ ನಾನು ಊಟದ ಹೊತ್ತಿನಲ್ಲಿ ಚೆನ್ನಾಗಿ ನೇಯ್ದು ಮುಚ್ಚಿಬಿಟ್ಟೆ. ಅವಳು ಬಂದು ನೋಡಿ ಅಳುವುದೊಂದು ಬಾಕಿ. ಆ ತೂತುಗಳು ಅವಳಿಗೆ ಹದಿನಾಲ್ಕು ವರ್ಷದಿಂದ ಗೊತ್ತಿದ್ದವಂತೆ. ಮಾರ್ಗರೆಟ್ ನನಗೆ ಕತ್ತರಿ ಕೊಟ್ಟು, "ಇದ್ದ ಕಡೆಯಲ್ಲೇ ವಾಪಸ್ ಮಾಡು" ಎಂದರು. ತೂತು ಮಾಡಲು ಸಂಬಳ ಪಡೆದ ದಿನ ಅದೊಂದೇ.

ಬಟ್ಟೆ ಕಡಿಮೆಯಾಗುತ್ತಾ ಬಂದ ಕಾಲವೂ ಅದೇ. ಹಳೆಯ ಕಥೆಗಳಿಗೆ ಟುಟು, ಹೊಸ ನೃತ್ಯಗಳಿಗೆಲ್ಲ ಮೈಗಂಟುವ ಲೈಕ್ರಾ, ಇಲ್ಲವೇ ಒಳಲಂಗದಂಥ ತೆಳು ಗೌನು. ಯೂರೋಪಿನಿಂದ ಬಂದ ಒಬ್ಬ ನೃತ್ಯ ಸಂಯೋಜಕ ಬೂದು ಬಣ್ಣವೇ ಬೇಕೆಂದು ಹಟ ಹಿಡಿದ. ನಾನು ಇಪ್ಪತ್ತು ಬಗೆಯ ಬೂದು ಬಣ್ಣ ಕಲಸಿ ತುಂಡುಗಳನ್ನು ಒಣಗಿಸಿ ತೋರಿಸಿದೆ. ಎಲ್ಲವನ್ನೂ ನೋಡಿ ಅವನು, "ಬಟ್ಟೆ ಇದೆ ಅಂತಾನೇ ಗೊತ್ತಾಗಬಾರದು" ಎಂದ. ಕೊನೆಗೆ ಅವನು ಮೆಚ್ಚಿದ್ದು ನಾನು ಬಣ್ಣದ ಕೈ ಒರೆಸಿಕೊಂಡಿದ್ದ ಹಳೆಯ ಟವೆಲ್ಲಿನ ಬಣ್ಣವನ್ನು. ಅದನ್ನು ಮತ್ತೆ ಬರಿಸಲು ಮೂರು ದಿನ ಬೇಕಾಯಿತು.

ಇನ್ನೊಂದು ಮಾತನ್ನು ನಗದೆ ಬರೆಯುತ್ತೇನೆ. ಆಗ "ಸ್ಕಿನ್ ಕಲರ್" ಎಂದು ಹೆಸರು ಹೊತ್ತು ಬರುತ್ತಿದ್ದ ನೆಟ್ಟು, ಪಟ್ಟಿ, ಟೈಟ್ಸು ಎಲ್ಲ ಒಂದೇ ತಿಳಿ ಗುಲಾಬಿ. ನನ್ನ ಕೈ ಪಕ್ಕದಲ್ಲಿಟ್ಟರೆ ಅದು ಯಾರ ಚರ್ಮ ಎಂದು ಕೇಳುವಂತಿರುತ್ತಿತ್ತು. ಕಂದು ಬಣ್ಣದ ನರ್ತಕಿಯರು ಬಂದಾಗ ನಾನು ಟೀ ಡಿಕಾಕ್ಷನ್ ಕುದಿಸಿ, ಅದರಲ್ಲಿ ಅದ್ದಿ, ಅವರ ಮೊಣಕೈ ಪಕ್ಕ ಹಿಡಿದು ಬಣ್ಣ ಹೊಂದಿಸುತ್ತಿದ್ದೆ. ಈಗ ಹತ್ತಾರು ಬಣ್ಣ ಸಿದ್ಧವಾಗಿಯೇ ಬರುತ್ತವೆ, ಅಳತೆಯನ್ನು ಯಂತ್ರ ತೆಗೆಯುತ್ತದೆ, ಕಸೂತಿಯನ್ನು ಬಟ್ಟೆಯ ಮೇಲೆ ಅಚ್ಚು ಹಾಕುತ್ತಾರೆ. ಒಳ್ಳೆಯದೇ ಆಯಿತು. ಆದರೆ ಬಣ್ಣ ನೋಡಲು ಹುಡುಗಿಯ ಕೈ ಹಿಡಿದುಕೊಳ್ಳುತ್ತಿದ್ದೆನಲ್ಲ, ಆಗ ಅವಳು ಮನೆಯ ವಿಷಯ ಎರಡು ಮಾತು ಹೇಳುತ್ತಿದ್ದಳು. ನನಗೆ ಅದು ಇಷ್ಟವಾಗಿತ್ತು.

ಇಷ್ಟೆಲ್ಲ ಹೇಳಿದ್ದು ಒಂದು ಸಂಗತಿಯನ್ನು ಮುಂದೆ ಹಾಕುವ ನೆವಕ್ಕೆ. ಈಗ ಅದನ್ನು ಬರೆಯಲೇಬೇಕು.

ನಾನು ಸೇರಿ ಐದನೆಯ ತಿಂಗಳು. ಕಂಪನಿ ಸಿಡ್ನಿಗೆ ಪ್ರದರ್ಶನಕ್ಕೆ ಹೊರಡುವ ವಾರ ಮುಖ್ಯ ನರ್ತಕಿಯ ಪಾದ ಉಳುಕಿತು. ಅವಳ ಬದಲು ಕ್ಲೇರ್ ಎಂಬ ಹುಡುಗಿಯನ್ನು ಆರಿಸಿದರು. ಕ್ಲೇರ್ ಹಾಲಿನ ಹಸು ಸಾಕುವವರ ಮನೆಯವಳು. ಏಳು ವರ್ಷದಿಂದ ಹಿಂದಿನ ಸಾಲಿನಲ್ಲಿ ಕುಣಿಯುತ್ತಿದ್ದಳು. ವಯಸ್ಸು ಇಪ್ಪತ್ತಾರಾಗಿತ್ತು. ಆ ಲೋಕದಲ್ಲಿ ಇಪ್ಪತ್ತಾರಕ್ಕೆ ಮುಂದೆ ಬರದಿದ್ದರೆ ಮತ್ತೆ ಬರುವ ಮಾತಿಲ್ಲ. ಮುಖ್ಯ ನರ್ತಕಿಯ ಬಾಡಿಸ್ ಅವಳಿಗೆ ಎಲ್ಲ ಕಡೆ ದೊಗಳೆ. ಹೊಸದನ್ನೇ ಹೊಲಿಯಬೇಕು, ನಾಲ್ಕು ದಿನದಲ್ಲಿ. ಮಾರ್ಗರೆಟ್ ತಮ್ಮ ಊದಿದ ಬೆರಳುಗಳನ್ನು ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು.

"ಪೂರ್ತಿ ನೀನೇ ಹೊಲಿ," ಎಂದರು.

ಅದು ನಾನು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಹೊಲಿದ ಮೊದಲ ಬಿಳಿ ಬಾಡಿಸ್. ಮುಗಿದ ಮೇಲೆ ನೋಡಿದೆ. ಹೊಚ್ಚ ಹೊಸ ಬಟ್ಟೆ, ಹುಡುಗಿಯ ಜೀವನದ ದೊಡ್ಡ ದಿನ. ನಮ್ಮ ಮನೆಯಲ್ಲಿ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಮುಟ್ಟಿಸದೆ ಯಾರೂ ಮೈಗೆ ಹಾಕಿಕೊಂಡವರಲ್ಲ. ರಂಗಪ್ರವೇಶದ ಉಡುಪನ್ನೂ ನಾನು ಹಾಗೆಯೇ ಕೊಡುತ್ತಿದ್ದೆ. ಕೈ ಕೇಳಲಿಲ್ಲ. ಮರುದಿನ ಫಿಲ್ಮ್ ರೋಲಿನ ಡಬ್ಬಿಯಲ್ಲಿ ಮನೆಯಿಂದ ಚಿಟಿಕೆ ಅರಿಶಿನ ತಂದು, ಬೆರಳು ಒದ್ದೆ ಮಾಡಿ, ಎಡ ಸೊಂಟದ ಹತ್ತಿರ ಒಳಗೆ ಬಿಟ್ಟಿದ್ದ ಬಟ್ಟೆಗೆ ಒಂದು ಬೊಟ್ಟು ಇಟ್ಟು, ಅದರ ಮೇಲೆ ಲೈನಿಂಗ್ ಮಡಿಸಿ ಹೊಲಿದುಬಿಟ್ಟೆ. ದೇವರಿಗೂ ಕಾಣುವಂತಿರಲಿಲ್ಲ.

ತಿದ್ದಬೇಕಾದರೆ ಇರಲಿ ಎಂದು ನನ್ನನ್ನೂ ಸಿಡ್ನಿಗೆ ಕರೆದೊಯ್ದರು. ಸಂಜೆ ಮೊದಲ ಪ್ರದರ್ಶನ, ಬೆಳಗ್ಗೆ ಹತ್ತಕ್ಕೆ ಪೂರ್ತಿ ಉಡುಪಿನಲ್ಲಿ ಕೊನೆಯ ಅಭ್ಯಾಸ. ಕ್ಲೇರ್ ಕುಣಿದಳು, ಬೆವತಳು. ಮೊದಲ ಅಂಕ ಮುಗಿಸಿ ಪಕ್ಕಕ್ಕೆ ಬಂದಾಗ ಅವಳ ಬಿಳಿ ಸೊಂಟದ ಮೇಲೆ ಹಳದಿ ಕಲೆ ಎದ್ದಿತ್ತು. ನರ್ತಕಿಯರಿಗೆ ಬಟ್ಟೆ ತೊಡಿಸುವ, ಒಗೆಯುವ ಕೆಲಸ ಬೆವ್ ಎಂಬವಳದು. ದಪ್ಪನೆಯ, ಬಾಯಿ ಜೋರಿನ, ಎಲ್ಲರನ್ನೂ "ಡಾರ್ಲಿಂಗ್" ಎನ್ನುವ ಹೆಂಗಸು. ಅವಳು ಮೇಕಪ್ಪು ತಾಗಿದೆ ಎಂದುಕೊಂಡು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಳು. ಕಲೆ ಕೆಂಪಾಯಿತು.

ಕ್ಲೇರ್ ಸೊಂಟ ಹಿಡಿದುಕೊಂಡು, "ನಂಗೆ ರಕ್ತ ಬರ್ತಿದ್ಯಾ?" ಎಂದಳು.

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು ಎಂದು ಆರತಿ ನೀರು ಕಲಸಿದ ಯಾವ ಹೆಂಗಸಿಗೆ ಗೊತ್ತಿಲ್ಲ? ಸೋಪು ಮಾಡುವುದೂ ಅದನ್ನೇ. ನನಗೆ ನೋಡಿದ ತಕ್ಷಣ ಗೊತ್ತಾಯಿತು. ಅಷ್ಟರಲ್ಲಿ ಮಾರ್ಗರೆಟ್ ಬಗ್ಗಿ ನೋಡಿ, "ತುಕ್ಕು" ಎಂದರು. "ಹುಕ್ಕಿನ ತುಕ್ಕು ಹೇಗೋ ತಾಗಿದೆ. ಬೆವ್, ಬೆಳಿಗ್ಗೆ ಬಿಗಿ ಮಾಡೋಕೆ ನೀನು ಸೇರಿಸಿದ ಹುಕ್ಕು ಯಾವ ಡಬ್ಬಿಯಿಂದ ತೆಗೆದೆ?"

"ಹಳೇ ಡಬ್ಬಿ," ಎಂದಳು ಬೆವ್. ಅವಳ ಮುಖ ಬಿಳಿಚಿಕೊಂಡಿತು.

ನಿರ್ದೇಶಕರು ಪ್ರೇಕ್ಷಕರ ಸಾಲಿನಿಂದ ವೇದಿಕೆಗೆ ಹತ್ತಿ ಬಂದರು. ಅವರದು ಕಡಿಮೆ ಮಾತು. ಅದೇ ಪಾತ್ರ ಗೊತ್ತಿದ್ದ, ತನ್ನದೇ ಉಡುಪು ಸಿದ್ಧವಿದ್ದ ಇನ್ನೊಬ್ಬ ನರ್ತಕಿ ಸಿಡ್ನಿಯಲ್ಲೇ ಇದ್ದಳು. "ಐದು ಗಂಟೆಗೆ ನೋಡ್ತೀನಿ. ಹೋಗದೇ ಇದ್ರೆ ಇವತ್ತು ಅವಳು ಕುಣೀತಾಳೆ," ಎಂದು ಹೇಳಿ ಹೋದರು. ಕ್ಲೇರ್ ಬಾಡಿಸ್ ಬಿಚ್ಚಿಕೊಟ್ಟು, ಟವೆಲ್ ಸುತ್ತಿಕೊಂಡು ಗೋಡೆಗೆ ಒರಗಿ ಕೂತಳು. ಆಗ ಹನ್ನೊಂದು ಗಂಟೆ.

ಆಗ ನಾನು ಒಂದು ವಾಕ್ಯ ಹೇಳಬೇಕಿತ್ತು, ಹೇಳಲಿಲ್ಲ. ಪ್ರೊಬೇಷನ್ನಿಗೆ ಇನ್ನೊಂದು ತಿಂಗಳಿತ್ತು, ಮನೆಯಲ್ಲಿ ಇವರು ಕೆಲಸವಿಲ್ಲದೆ ಕೂತಿದ್ದರು. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಎಲ್ಲರೆದುರು ನಿಂತು, ಇದು ನಮ್ಮ ಮನೆಯ ಶಾಸ್ತ್ರ ಎಂದು ಹೇಗೆ ಹೇಳುವುದು? "ತುಕ್ಕಿಗೆ ನಿಂಬೆಹಣ್ಣು, ಬಿಸಿಲು ಒಳ್ಳೇದು, ನಾನು ಪ್ರಯತ್ನ ಮಾಡ್ತೀನಿ" ಎಂದು ಬಾಡಿಸ್ ಎತ್ತಿಕೊಂಡು, ಕ್ಯಾಂಟೀನಿನಲ್ಲಿ ನಿಂಬೆಹಣ್ಣು ಕೇಳಿ ತೆಗೆದುಕೊಂಡು ಮೇಲಿನ ಬಾಲ್ಕನಿಗೆ ಓಡಿದೆ. ತುಕ್ಕಿಗೂ ಅದೇ ಮದ್ದು, ಅರಿಶಿನಕ್ಕೂ ಅದೇ ಮದ್ದು. ನನ್ನ ಸುಳ್ಳಿಗೆ ಅಷ್ಟು ಅನುಕೂಲವಾಗಿ ಒದಗಿತು.

ಎದುರಿನ ಸಿಡ್ನಿ ಬಂದರಿನ ಮೇಲೆ ಒಳ್ಳೆಯ ಬಿಸಿಲಿತ್ತು. ಹೊಲಿಗೆ ಬಿಚ್ಚಿ ಬೊಟ್ಟು ಇಟ್ಟ ತುಂಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಸೋಪಿನ ಅಂಶವನ್ನು ತಣ್ಣೀರಿನಲ್ಲಿ ತೆಗೆದು ನಿಂಬೆರಸ ಹಿಂಡಿದೆ. ಕೆಂಪು ಹೋಗಿ ಹಳದಿಯಾಯಿತು. ಬಿಸಿಲಿಗೆ ಹರವಿದೆ, ಒಣಗಿದ ಮೇಲೆ ಮತ್ತೆ ಒದ್ದೆ ಮಾಡಿದೆ, ಮತ್ತೆ ಹರವಿದೆ. ನೆರಳು ಸರಿದಂತೆಲ್ಲ ಕುರ್ಚಿ ಸರಿಸಿಕೊಂಡು ಕೂತೆ. ಕಲೆ ನಿಧಾನವಾಗಿ ಬಣ್ಣ ಬಿಡುತ್ತಿತ್ತು. ಊಟ ಬೇಕೆನಿಸಲಿಲ್ಲ.

ಮೂರು ಗಂಟೆಗೆ ಮಾರ್ಗರೆಟ್ ಬಂದರು. ಕನ್ನಡಕ ಹಾಕಿಕೊಂಡು ನೋಡಿದರು.

"ನಲವತ್ತು ವರ್ಷದಿಂದ ತುಕ್ಕು ತೆಗೀತಾ ಇದೀನಿ. ಅದು ಹಳದಿ ಆಗಿದ್ದು ಒಂದು ಸಲಾನೂ ನೋಡಿಲ್ಲ," ಎಂದರು. ನಾನು ಇನ್ನೊಂದು ನಿಂಬೆಹೋಳು ಹಿಂಡಿದೆ. "ಕೆಳಗೆ ಬೆವ್ ಡಬ್ಬಿಲಿರೋ ಹುಕ್ಕನ್ನೆಲ್ಲ ಭೂತಗನ್ನಡಿ ಇಟ್ಟುಕೊಂಡು ಒಂದೊಂದಾಗಿ ನೋಡ್ತಿದಾಳೆ. ಊಟ ಮಾಡಿಲ್ಲ. ಎರಡು ಸಲ ಬಾತ್‌ರೂಮಿಗೆ ಹೋಗಿ ಅತ್ತು ಬಂದಳು."

ನಾನಾಗಿಯೇ ಹೋಗಿ ಒಪ್ಪಿಕೊಂಡೆ ಎಂದು ಇಲ್ಲಿ ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಡೆದದ್ದು ಹಾಗಲ್ಲ. ಆ ಮಾತು ಕೇಳಿದ ಮೇಲೆ ಜೇಬಿನಿಂದ ತುಂಡು ಬಟ್ಟೆ ತೆಗೆದು ಅವರ ಕೈಗಿಟ್ಟೆ, ಎಲ್ಲವನ್ನೂ ಹೇಳಿದೆ.

"ಯಾಕೆ ಹಚ್ತೀರಿ ಇದನ್ನ?"

"ಹಾಕ್ಕೊಂಡೋರಿಗೆ ಕೆಟ್ಟದ್ದಾಗದೇ ಇರ್ಲಿ ಅಂತ ಮೇಡಂ. ಬಟ್ಟೆ ಬೇಗ ಹರೀದೇ ಇರ್ಲಿ ಅಂತ."

"ಅದಕ್ಕೆ ನಾವು ಗಟ್ಟಿಯಾಗಿ ಹೊಲೀತೀವಿ," ಎಂದರು ಮಾರ್ಗರೆಟ್. ತುಂಡನ್ನು ವಾಪಸು ಕೊಟ್ಟರು. "ಇದನ್ನ ನಾನು ನೋಡ್ಕೊಂಡು ಕೂತಿರ್ತೀನಿ. ನೀನು ಮೊದಲು ಬೆವ್ ಹತ್ರ ಹೋಗು."

ಕೆಳಗೆ ಬೆವ್ ಮೇಜಿನ ಮೇಲೆ ಹುಕ್ಕುಗಳನ್ನು ಸಾಲಾಗಿ ಹರಡಿಕೊಂಡಿದ್ದಳು. ಕಣ್ಣುಗಳು ಕೆಂಪಗಿದ್ದವು. ಅರಿಶಿನದ ವಿಷಯವನ್ನು ನಾನು ನಿಂತೇ ಹೇಳಿದೆ, ಯಾವಾಗ ಗೊತ್ತಾಯಿತು ಎಂಬುದನ್ನು ಮಾತ್ರ ಬಿಟ್ಟೆ. ಅವಳು ಪೂರ್ತಿ ಕೇಳಿ, ಒಂದು ಹುಕ್ಕು ಎತ್ತಿ ನೋಡಿ, ಕೆಳಗಿಟ್ಟಳು.

"ಅಂದ್ರೆ ತುಕ್ಕಲ್ಲ?"

"ಅಲ್ಲ."

"ಡಾರ್ಲಿಂಗ್," ಎಂದಳು, "ಮುಂದಿನ ಸಲ ಯಾರಿಗಾದ್ರೂ ಆಶೀರ್ವಾದ ಮಾಡೋದಿದ್ರೆ ಮೊದಲು ಲಾಂಡ್ರಿಗೆ ಹೇಳು." ಆಮೇಲೆ ಸೆರಗಿಲ್ಲದ ಕಾರಣ ಏಪ್ರನ್ನಿನ ತುದಿಯಲ್ಲಿ ಮೂಗು ಒರೆಸಿಕೊಂಡು, ಬೀರುವಿನಿಂದ ವೋಡ್ಕಾ ಬಾಟಲಿ ತೆಗೆದುಕೊಂಡು, ನನಗಿಂತ ಮುಂದಾಗಿ ಬಾಲ್ಕನಿಯ ಮೆಟ್ಟಿಲು ಹತ್ತಿದಳು. ಅರಿಶಿನ ಬಿಡಿಸುವುದರಲ್ಲಿ ವೋಡ್ಕಾ ನಿಂಬೆಹಣ್ಣಿಗಿಂತ ಜೋರು ಎಂದು ಅವತ್ತು ಗೊತ್ತಾಯಿತು.

ಐದಕ್ಕೆ ನಿರ್ದೇಶಕರು ಬಂದಾಗ ಉಳಿದಿದ್ದದ್ದು ಹಾಲಿನ ಕೆನೆಯಷ್ಟು ಬಣ್ಣ. ಮೂರು ಹೆಜ್ಜೆ ದೂರ ನಿಂತು ನೋಡಿದರು. "ಏನಾಗಿತ್ತು?" ಎಂದು ಕೇಳಿದರು. "ನನ್ನ ವಿಭಾಗದ ತಪ್ಪು. ನನ್ನದು," ಎಂದರು ಮಾರ್ಗರೆಟ್. ನಿರ್ದೇಶಕರು, ಕ್ಲೇರೇ ಕುಣಿಯಲಿ ಎಂಬಂತೆ ತಲೆಯಾಡಿಸಿ ಹೋದರು.

ಬಾಡಿಸ್ ತೊಡಿಸುವಾಗ ಮಾರ್ಗರೆಟ್ ನನ್ನಿಂದಲೇ ಕ್ಲೇರ್‌ಗೆ ಹೇಳಿಸಿದರು. ಆ ಹುಡುಗಿ ಬೈಯಬಹುದು ಎಂದುಕೊಂಡಿದ್ದೆ. ಅವಳು ಸೊಂಟದ ಆ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ, "ನನಗೋಸ್ಕರ ಹಚ್ಚಿದ್ರಾ?" ಎಂದು ಕೇಳಿದಳು. ಹೌದು ಎಂದೆ. "ಸರಿ, ಹುಕ್ಕು ಹಾಕಿ," ಎಂದಳು. ಅವತ್ತು ಅವಳು ಕುಣಿದದ್ದನ್ನು ನಾನು ಪಕ್ಕದ ಪರದೆಯ ಸಂದಿಯಿಂದ ನೋಡಿದೆ. ಹೇಗೆ ಕುಣಿದಳು ಎಂದು ವರ್ಣಿಸುವ ಶಕ್ತಿ ನನಗಿಲ್ಲ. ಆಮೇಲೆ ಅವಳು ಹಿಂದಿನ ಸಾಲಿಗೆ ಹೋಗಲಿಲ್ಲ. ಮುಂದಿನ ತಿಂಗಳು ನನ್ನ ಕೆಲಸವೂ ಕಾಯಂ ಆಯಿತು. ಮಾರ್ಗರೆಟ್ ಬದುಕಿದ್ದಷ್ಟು ದಿನವೂ ಆ ಮಾತು ಎತ್ತಲಿಲ್ಲ.

ಎತ್ತಿದವಳು ಬೆವ್, ನಾನು ನಿವೃತ್ತಳಾದ ದಿನ. ಮೆಲ್ಬರ್ನಿನ ಹೊಲಿಗೆ ಕೋಣೆಯಲ್ಲೇ ಟೀ ಇಟ್ಟಿದ್ದರು. ಬೆವ್ ಎಷ್ಟೋ ವರ್ಷ ಮೊದಲೇ ನಿವೃತ್ತಳಾಗಿದ್ದವಳು ಊರುಗೋಲು ಹಿಡಿದು ಬಂದಿದ್ದಳು. ಅರಿಶಿನದ ಕಥೆಯನ್ನು ಹೊಸ ಹುಡುಗಿಯರಿಗೆಲ್ಲ ನಟಿಸಿ ತೋರಿಸಿದಳು. ಕೋಣೆಯೇ ಬಿದ್ದು ಬಿದ್ದು ನಕ್ಕಿತು. ನಗು ಇಳಿದ ಮೇಲೆ ನಾನು ಅವಳ ಪಕ್ಕ ಕೂತು, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ.

"ಬೆವ್, ನಂಗೆ ಹನ್ನೊಂದು ಗಂಟೆಗೇ ಗೊತ್ತಿತ್ತು. ನೋಡಿದ ತಕ್ಷಣ ಗೊತ್ತಾಗಿತ್ತು. ಮೂರು ಗಂಟೆವರೆಗೂ ನಿನ್ನ ಅಳೋಕೆ ಬಿಟ್ಟೆ."

"ಗೊತ್ತು, ಡಾರ್ಲಿಂಗ್," ಎಂದಳು ಬೆವ್. "ನಿಂಬೆಹಣ್ಣು ತಗೊಂಡು ನೀನು ಓಡಿದ ರೀತೀನ ಆ ರಾತ್ರಿ ನೆನಪಿಸಿಕೊಂಡಾಗಲೇ ನಂಗೆ ಹೊಳೀತು. ಮನೇಲಿ ಗಂಡನಿಗೆ ಕೆಲಸ ಇರ್ಲಿಲ್ಲ, ಪ್ರೊಬೇಷನ್ ಬೇರೆ." ಕೇಕಿನ ತಟ್ಟೆಯನ್ನು ನನ್ನ ಕಡೆ ಸರಿಸಿ, "ನಿನ್ನ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ," ಎಂದಳು.

ಅದು ಸುಳ್ಳು. ಬೆವ್ ಆಗಿದ್ದರೆ ಹನ್ನೊಂದು ಗಂಟೆಗೇ ಹೇಳಿಬಿಡುತ್ತಿದ್ದಳು.